ಸಣ್ಣ ಮುತ್ಯಾನ ರುಮಾಲ

ಹ್ವಾದ ಎಳ್ಳಮಾಸಿಗೆ ಭಾಲ್ಕಿ ಅತ್ತಿ ಮನಿಗಿ ಹೋಗಿದ್ದೆ. ಹೋಗುವಾಗ ನಾ ಮಾಡಿದ್ದ ಒಂದು ಗೊಂಬಿ ಬಿಸ್ಕೀಟ ಡಬ್ಬಿದಾಗ ಹತ್ತಿ ಹಾಕಿ ಇಟಗೊಂಡಿದ್ದೆ. ಗೊಂಬಿ ಅಂದ್ರ ಹುಡುಗ್ರು ಆಡೋದಲ್ಲ. ಎದಿಮಟ್ಟ ಒಬ್ಬ ಮನುಷ್ಯಾ. ತೆಲಿ, ರುಮಾಲ, ಮೀಸಿ, ಎರಡು ಹೆಗಲು, ಕೋಟಿನ ಮೂರು ಗುಂಡಿ, ಅಲ್ಲಿಗಿ ಮುಗೀತು. ಎತ್ತರ ಏಳು ಸೆಂಟಿಮೀಟರು, ಅಂದ್ರ ನಮ್ಮ ತೋರು ಬೆರಳಿನಷ್ಟು. ಅದು ನಮ್ಮ ಸಣ್ಣ ಮುತ್ಯಾ. ಮುತ್ಯಾನ ತಮ್ಮ, ನಿಜಾಮನ ರಿಸಾಲಾದಾಗ ಕುದರಿ ಸವಾರ ಇದ್ದಂವ. ಭಾಲ್ಕಿ ಅತ್ತಿ ಅಂವನ ಹೊಟ್ಟಿ ಮಗಳು, ಈಗ ಎಂಬತ್ತು ದಾಟ್ಯಾವ. ಹೊಲದಾಗ ಭಜ್ಜಿ, ಅಂಬಲಿ ಉಂಡು ಮನಿಗಿ ಬಂದ ಮ್ಯಾಲ ಡಬ್ಬಿ ತೆಗೆದು ಆಕಿ ಕೈಯಾಗ ಕೊಟ್ಟೆ. ಕಿಟಕಿ ಬೆಳಕಿಗಿ ಹಿಡಿದು ನೋಡಿದ್ಳು, ತಿರುವಿ ನೋಡಿದ್ಳು, ಚಸ್ಮಾ ಸೆರಗಿಗಿ ಒರಸಿ ಮತ್ತ ನೋಡಿದ್ಳು. ಆಮ್ಯಾಲ ಕೇಳಿದ್ಳು, "ಚಂದ ಆಗ್ಯಾದವ್ವ. ಖರೇ, ಇಂವ ಯಾರ ಗಂಡ?"

ಕುಂತವರೆಲ್ಲ ನಕ್ಕರು. ನನಗ ನಗಿ ಬರಲಿಲ್ಲ. ಮೂರು ವಾರ ರಾತ್ರಿ ಭಾಂಡಿ ತೊಳದ ಮ್ಯಾಲ ಕುಂತು ಮಾಡಿದ್ದೆ.

ನಿಮಗೆಲ್ಲಾ ಗೊತ್ತಿದ್ದ ಮಾತೇ ಅದ, ನಮ್ಮ ಡಾಬಕಾದ ಮನ್ಯಾಗ ಸಣ್ಣ ಮುತ್ಯಾನ ಬಗ್ಗಿ ಒಂದೇ ಕಥಿ. ದಿಲ್ಲಿಯೊಳಗ ಮೂರು ಸವಾರರ ಮೂರ್ತಿ ಅವ, ಅದರಾಗ ಹೈದರಾಬಾದಿನದು ಅಂತ ಇದ್ದದ್ದು ನಮ್ಮ ಸಣ್ಣ ಮುತ್ಯಾನದೇ. ಅಂವ ಸಮುದ್ರದ ಆಚಿ ಹೋಗಿ ತುರ್ಕರ ಊರು ಗೆದ್ದು ಬಂದಾನ. ಮದಿವಿ, ತೊಟ್ಟಿಲ, ದಿನಾ ಎಲ್ಲಾ ಕಡಿ ಇದನ್ನ ಹೇಳಿ ಹೇಳಿ ನಾವು ದೊಡ್ಡವರಾದ್ವಿ. ನಾನೂ ನನ್ನ ಮಕ್ಕಳಿಗಿ ಹೇಳೀನಿ. ಗೊಂಬಿ ಮಾಡಬೇಕು ಅಂತ ಅನಿಸಿದ್ದೂ ಈ ಕಥಿಯಿಂದಾನೇ.

ದಿಲ್ಲಿಯ ಮೂರ್ತಿ ಖರೇನೇ ಅವ. ತೀನ್ ಮೂರ್ತಿ ಅಂತಾರ. ನೆಹರೂ ಇದ್ದ ದೊಡ್ಡ ಮನಿ ಮುಂದಿನ ಚೌಕದಾಗ ಒಂದು ಕಲ್ಲಿನ ಕಂಬ, ಅದರ ಸುತ್ತ ಮೂರು ಕಡಿ ಮುಖ ಮಾಡಿ ಕಂಚಿನ ಮೂವರು ಸಿಪಾಯಿಗಳು ನಿಂತಾರ. ಆ ಮನಿಗಿ ತೀನ್ ಮೂರ್ತಿ ಭವನ ಅಂತ ಹೆಸರು ಬಂದದ್ದೂ ಇವರಿಂದಾನೇ. 1922ರಾಗ ನಿಲ್ಲಿಸಿದ್ದು, ಮಾಡಿದಂವ ಲಿಯೊನಾರ್ಡ್ ಜೆನ್ನಿಂಗ್ಸ್ ಅನ್ನೋ ಇಂಗ್ಲೀಷ ಶಿಲ್ಪಿ. ಒಬ್ಬ ಹೈದರಾಬಾದ ಸಂಸ್ಥಾನದಂವ, ಒಬ್ಬ ಮೈಸೂರಿನಂವ, ಒಬ್ಬ ಜೋಧಪುರದಂವ. ಮೊದಲನೇ ಮಹಾಯುದ್ಧದಾಗ ಈ ಸಂಸ್ಥಾನಗಳ ಕುದರಿ ಪಡೆ ಒಂದೇ ಬ್ರಿಗೇಡ ಆಗಿ ಈಜಿಪ್ತಿಗಿ, ಅಲ್ಲಿಂದ ಪ್ಯಾಲೆಸ್ಟೈನಿಗಿ ಹ್ವಾದವು. 1918ರ ಸೆಪ್ಟೆಂಬರ್ 23ಕ್ಕ ಹೈಫಾ ಅನ್ನೋ ಬಂದರು ಊರನ್ನ ಭರ್ಚಿ ಹಿಡಿದು ಕುದರಿ ಮ್ಯಾಲೇ ಓಡಿ ಹೋಗಿ ಗೆದ್ದರು. ಎದುರಿಗಿ ಮಶಿನ್‌ಗನ್ ಇದ್ದವು. ಎಂಟು ಮಂದಿ ಸತ್ತರು, ಮೂವತ್ನಾಕು ಮಂದಿಗಿ ಗಾಯ ಆಯ್ತು, ಕುದರಿ ಮಾತ್ರ ಅರವತ್ತು ಸತ್ತವು. ಹಿಡಿದು ತಂದ ಕೈದಿಗಳು 1,350. 2018ರಾಗ ಆ ಚೌಕಿಗಿ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರಿಟ್ಟಾರ.

ಆದ್ರ ಒಂದು ಮಾತು ನಮ್ಮ ಮನ್ಯಾಗ ಯಾರೂ ಹೇಳಿದ್ದಿಲ್ಲ. ಹೈಫಾದ ದಾಳಿ ಮಾಡಿದವರು ಜೋಧಪುರದವರು ಮತ್ತ ಮೈಸೂರಿನವರು. ಹೈದರಾಬಾದಿನವರು ಅದೇ ಬ್ರಿಗೇಡಿನವರು ಖರೇ, ಆ ದಿನ ಆ ದಾಳಿದಾಗ ಅವರಿದ್ದಿಲ್ಲ. ಇದನ್ನ ಓದಿದಾಗಲೇ ನನ್ನ ಹೊಟ್ಟಿಯೊಳಗ ಸ್ವಲ್ಪ ಕಸಿವಿಸಿ ಆಗಿತ್ತು. ಖರೇ ಗೊಂಬಿ ಮಾಡೋ ಹುಮ್ಮಸ್ಸಿನಾಗ ಅದನ್ನ ಬದಿಗಿ ಇಟ್ಟಿದ್ದೆ.

ಮೊದಲನೇ ಗೊಂಬಿ ಮಾಡುವಾಗ ನನ್ನ ಹತ್ರ ಇದ್ದದ್ದು ಮೊಬೈಲಿನಾಗ ತೆಗೆದ ಒಂದು ಮಸಕ ಫೋಟೋ, ಅದೂ ಫೋಟೋದ ಫೋಟೋ. ಮುಖ ತಿಳೀತಿತ್ತು, ರುಮಾಲ ತಿಳೀತಿದ್ದಿಲ್ಲ. ಅದಕ್ಕ ಮೊಬೈಲಿನಾಗ ನಿಜಾಮನ ಸವಾರ ಅಂತ ಹುಡುಕಿ, ಬಂದ ಚಿತ್ರದಾಗ ಚಂದ ಕಂಡಿದ್ದನ್ನ ನೋಡಿ ಮಾಡಿದೆ. ನಡುವ ಚೂಪನ ಕುಲ್ಲಾ, ಅಂದ್ರ ಶಂಕುವಿನಂಥಾ ಟೊಪಗಿ, ಅದರ ಸುತ್ತ ಬಿಗಿಯಾಗಿ ಅರಿವಿ, ಮ್ಯಾಲೆ ಬೀಸಣಿಗಿ ಹಂಗ ನಿಂತ ತುರಾ. ನೋಡ್ಲಿಕ್ಕ ಮಸ್ತ. ಅತ್ತಿ ಆ ತುದಿ ಮ್ಯಾಲೆ ಬೆರಳಿಟ್ಟು ಹೇಳಿದ್ಳು, "ಇದು ನಮ್ಮಪ್ಪ ಎಂದೂ ಹಾಕ್ಕೊಂಡಿಲ್ಲ. ಅಂವನ ರುಮಾಲಿನಾಗ ಟೊಪಗಿ ಇರತಿದ್ದಿಲ್ಲ."

ಆಕಿ ಮಾತು ಬರೇ ಮುದುಕಿ ನೆನಪಲ್ಲ. ಆ ಕಾಲದ ಫೌಜಿನಾಗ ರುಮಾಲ ಅಂದ್ರ ಬರೇ ತೆಲಿಗಿ ಬಿಸಲು ಹತ್ತಬಾರದು ಅಂತ ಅಲ್ಲ. ಇಂಥಾ ನಾಡಿನವರು, ಇಂಥಾ ಧರ್ಮದವರು, ಇಂಥಾ ಪಡೆಯವರು ಅನ್ನೋದು ರುಮಾಲ ಸುತ್ತೋ ನಮೂನಿ ಮ್ಯಾಲೆ ಗೊತ್ತಾಗತಿತ್ತು. ಕುಲ್ಲಾದ ಮ್ಯಾಲೆ ಸುತ್ತೋರು ಹೆಚ್ಚಾಗಿ ಮುಸಲ್ಮಾನ ಸವಾರರು. ಸಿಖ್ಖರು ಕುಲ್ಲಾ ಇಡೋದೇ ಇಲ್ಲ, ಅವರ ಸುತ್ತು ಬ್ಯಾರೇ. ನಾ ಮುಖ ಸಣ್ಣ ಮುತ್ಯಾನದು ಮಾಡಿ, ತೆಲಿ ಮ್ಯಾಲೆ ಬ್ಯಾರೆಯವರ ರುಮಾಲ ಇಟ್ಟಿದ್ದೆ. ಯಾರ ಗಂಡ ಅಂತ ಆಕಿ ಕೇಳಿದ್ದು ಬರೋಬರಿ ಇತ್ತು.

ಆವತ್ತ ಸಂಜಿಗಿ ಅತ್ತಿ ತಾನಾಗೇ ಟ್ರಂಕ ತೆಗೆಸಿದ್ಳು. ತಳದಾಗ, ಬೇವಿನ ತೊಪ್ಪಲದಾಗ, ಹಳೇ ಧೋತರದಾಗ ಸುತ್ತಿ ಇಟ್ಟ ಅಸಲ ಫೋಟೋ. ಸಣ್ಣ ಮುತ್ಯಾ ಸ್ಟುಡಿಯೋದಾಗ ಕುರ್ಚಿ ಮ್ಯಾಲೆ ಕುಂತಾನ. ಕುದರಿ ಇಲ್ಲ. ಎದಿಗಿ ಅಡ್ಡ ತೊಗಲಿನ ಪಟ್ಟಿ, ಹೆಗಲ ಮ್ಯಾಲೆ ಏನೋ ಮಿಂಚೋದು, ಮೀಸಿ ಇನ್ನಾ ಎಳೇದು. ಫೋಟೋ ತಿರುವಿದಾಗ ಹಿಂದ ಉರ್ದುದಾಗ ಒಂದು ಸಾಲು ಬರದಿತ್ತು. ಇಷ್ಟು ವರ್ಷ ಮನ್ಯಾಗ ಇದ್ರೂ ಅದನ್ನ ಓದಿಸಬೇಕು ಅಂತ ಯಾರಿಗೂ ಅನಿಸಿದ್ದಿಲ್ಲ ನೋಡ್ರಿ. ಅತ್ತಿ ಬಾಜು ಮನಿ ಖಾಲಾ ಉರ್ದು ಸಾಲ್ಯಾಗ ಕಲಿಸಿದವರು. ಕರೆದ್ವಿ. ಚಾ ಕುಡೀತಾ ಒಂದೇ ಉಸರಿನಾಗ ಓದಿದ್ರು: ಸವಾರ ಅಂತ ಅದ, ಆಮ್ಯಾಲ ಜಶ್ನ್-ಎ-ಸೀಮೀನ್, 1346 ಫಸ್ಲಿ.

ಫಸ್ಲಿ ಅಂದ್ರ ನಿಮಗ ಗೊತ್ತಿರಬೇಕು, ನಮ್ಮ ಹಳೇ ಹೊಲದ ಕಾಗದದಾಗ ಅದೇ ಇರತದ. ನಿಜಾಮನ ಸರ್ಕಾರದ ಲೆಕ್ಕ ಎಲ್ಲಾ ಫಸ್ಲಿಯೊಳಗೇ. ಅದಕ್ಕ 590 ಕೂಡಿಸಿದ್ರ ನಮ್ಮ ಈಗಿನ ಇಸವಿ ಬರತದ. ವರ್ಷ ಅಕ್ಟೋಬರದಾಗ ಸುರು ಆಗತಿತ್ತು. ಅದಕ್ಕ 1346 ಅಂದ್ರ 1936ರ ಅಕ್ಟೋಬರದಿಂದ 1937ರ ಅಕ್ಟೋಬರ ತನಕ. ಮತ್ತ ಜಶ್ನ್-ಎ-ಸೀಮೀನ್ ಅಂದ್ರ ಬೆಳ್ಳಿ ಹಬ್ಬ. ಮೀರ್ ಉಸ್ಮಾನ್ ಅಲೀ ಖಾನ್ ಗಾದಿಗಿ ಬಂದದ್ದು 1911ರಾಗ. ಇಪ್ಪತ್ತೈದು ವರ್ಷ ತುಂಬಿದ್ದು 1936ಕ್ಕ. ಆದ್ರ ಆ ವರ್ಷ ಇಂಗ್ಲೆಂಡಿನ ರಾಜಾ ಐದನೇ ಜಾರ್ಜ್ ಸತ್ತಿದ್ದಕ್ಕ ಹಬ್ಬ ಮುಂದ ಹಾಕಿ 1937ರ ಫೆಬ್ರವರಿದಾಗ ಮಾಡಿದ್ರು. ಹೈದರಾಬಾದಿನ ಜುಬಿಲಿ ಹಾಲ್ ಆ ಹಬ್ಬದ್ದೇ. ಅಮೇರಿಕಾದ ಟೈಮ್ ಪತ್ರಿಕೆ ಅದೇ ತಿಂಗಳು ನಿಜಾಮನ ಮುಖ ಮುಖಪುಟಕ್ಕ ಹಾಕಿ, ಜಗತ್ತಿನಾಗೇ ಭಾಳ ಶ್ರೀಮಂತ ಅಂತ ಬರದಿತ್ತು.

ಈಗ ಲೆಕ್ಕ ಹಾಕ್ರಿ. ಅತ್ತಿ ಹೇಳೋ ಪ್ರಕಾರ ಸಣ್ಣ ಮುತ್ಯಾ 1972ರ ಬರದಾಗ ಹ್ವಾದ, ಆಗ ಅಂವಗ ಐವತ್ತೇಳು. ಅಂದ್ರ ಹುಟ್ಟಿದ್ದು 1915. ಹೈಫಾ ಗೆದ್ದ ದಿನ ಅಂವಗ ಮೂರು ವರ್ಷ. ಡಾಬಕಾದ ಅಂಗಳದಾಗ ಚಡ್ಡಿ ಇಲ್ದೆ ಕೋಳಿ ಬೆನ್ನಹತ್ತೋ ವಯಸ್ಸು. ದಿಲ್ಲಿಯ ಮೂರ್ತಿ ನಿಂತಾಗ ಏಳು.

ಇದನ್ನ ನಾ ಬೆರಳ ಮಡಚಿ ಲೆಕ್ಕ ಹಾಕಿ ಹೇಳಿದಾಗ ಮನ್ಯಾಗ ಯಾರೂ ಮಾತಾಡಲಿಲ್ಲ. ನಮ್ಮ ವೈನಿಗಿ ಸಿಟ್ಟು ಬಂತು. "ಅದನ್ನ ಅಷ್ಟು ಕೆದರಿ ನೋಡೋ ಜರೂರ ಏನಿತ್ತು? ಇದ್ದ ಒಂದು ಮರ್ಯಾದಿ ಕಳದಿ" ಅಂದ್ಳು. ಆಕಿ ಅಂದದ್ದು ನನಗ ನಟ್ಟಿತು, ಸುಳ್ಳು ಯಾಕ ಹೇಳಲಿ. ಅತ್ತಿ ಮಾತ್ರ ಫೋಟೋ ನೋಡತಾ ಕುಂತಿದ್ಳು. ಸ್ವಲ್ಪ ಹೊತ್ತಿನ ಮ್ಯಾಲ ಅಂದ್ಳು, "ಅಪ್ಪ ಎಂದೂ ಸ್ವತಾ ಹೇಳಿದ್ದಿಲ್ಲ, ತಾ ಲಡಾಯಿಗಿ ಹೋಗಿದ್ದೆ ಅಂತ. ಹೇಳಿದವರು ಮಂದಿ. ಅಂವ ಹೇಳತಿದ್ದದ್ದು ಮೆರವಣಿಗಿ ಸುದ್ದಿ. ರಸ್ತಾಕ್ಕ ನೀರು ಹೊಡಿದಿದ್ರಂತ, ಕುದರಿ ಜಾರಬಾರದು ಅಂತ ಅಂವಗ ಭಾಳ ಹೆದರಿಕಿ ಇತ್ತಂತ."

ನನಗ ಆ ಕುದರಿ ಜಾರೋ ಹೆದರಿಕಿ ಹೈಫಾಕ್ಕಿಂತ ಹೆಚ್ಚು ಮನಸಿಗಿ ಹತ್ತಿತು. ಅಲ್ಲಿಂದ ನಾ ಓದಿದ್ದು ಲಡಾಯಿ ಅಲ್ಲ, ಮೆರವಣಿಗಿ ಕುದರಿ. ಅದರ ಇತಿಹಾಸಕ್ಕ ದೂರ ಹೋಗೋದು ಬ್ಯಾಡ, ನಮ್ಮ ಬೀದರದಾಗೇ ಅದ.

1470ರ ಆಸುಪಾಸು ರಷ್ಯಾದಿಂದ ಅಫನಾಸಿ ನಿಕಿತಿನ್ ಅನ್ನೋ ವ್ಯಾಪಾರಿ ಬೀದರಕ್ಕ ಬಂದಿದ್ದ. ಬಂದದ್ದೇ ಒಂದು ಕುದರಿ ಮಾರಲಿಕ್ಕ. ಹಾದ್ಯಾಗ ಜುನ್ನರದ ಖಾನ ಆ ಕುದರಿ ಕಸಗೊಂಡಿದ್ದ, ಮುಂದ ಹ್ಯಾಂಗೋ ತಿರುಗಿ ಸಿಕ್ತು. ಈ ನಾಡಿನಾಗ ಕುದರಿ ಹುಟ್ಟೋದಿಲ್ಲ, ಎತ್ತು ಎಮ್ಮಿ ಹುಟ್ಟತಾವ ಅಂತ ಅಂವ ಬರದಾನ. ಅದಕ್ಕೇ ಅರಬಸ್ಥಾನದಿಂದ ಹಡಗಿನಾಗ ಕುದರಿ ಬರತಿದ್ದವು, ಬಂಗಾರದಷ್ಟು ತುಟ್ಟಿ. ಆಳಂದದ ಜಾತ್ರ್ಯಾಗ ಇಪ್ಪತ್ತು ಸಾವಿರ ಕುದರಿ ಮಾರಾಟಕ್ಕ ಬರತಾವ ಅಂತ ಅಂವನ ಲೆಕ್ಕ. ಹೆಚ್ಚಾಗಿರಬೇಕು ಅಂತ ನನಗನಿಸ್ತದ, ಜಾತ್ರಿ ನೋಡಿ ಬಂದವರು ಯಾರು ಕಡಿಮಿ ಹೇಳತಾರ? ಸುಲ್ತಾನ ಹಬ್ಬಕ್ಕ ಹೊರಗ ಬಿದ್ದಾಗ ಮುಂದ ಬಂಗಾರದ ಜೀನು ಹಾಕಿದ ಕುದರಿಗಳು, ಕವಚ ತೊಡಿಸಿದ ಆನೆಗಳು, ಕಹಳಿ, ಕುಣಿಯೋರು, ಎಲ್ಲಾ ಬರದಾನ. ಆಗ ಬೀದರದಾಗ ದಿವಾನ ಇದ್ದದ್ದು ಮಹಮೂದ್ ಗಾವಾನ್. ಅಂವನೂ ವ್ಯಾಪಾರಿಯಾಗೇ ಬಂದಂವ. 1472ರಾಗ ಮುಗಿದ ಅಂವನ ಮದರಸಾ ನಾವೆಲ್ಲ ಬೀದರಕ್ಕ ಹೋದಾಗ ನೋಡೋದೇ.

ಸುಲ್ತಾನರು ಹ್ವಾದರು, ನಿಜಾಮರು ಬಂದರು, ಕುದರಿ ಮೆರವಣಿಗಿ ಉಳೀತು. ಹೈದರಾಬಾದದಾಗ ಪೈಗಾ ಅನ್ನೋ ದೊಡ್ಡ ಮನೆತನದವರಿದ್ರು. ಅವರಿಗಿ ಜಹಗೀರು ಕೊಟ್ಟದ್ದೇ ನಿಜಾಮನ ಸಲುವಾಗಿ ಕುದರಿ ಪಡೆ ಸಾಕಲಿಕ್ಕ. ನಮ್ಮ ಜಿಲ್ಲಾದಾಗೂ ಪೈಗಾ ತಾಲೂಕುಗಳಿದ್ದವು. ಅಂದ್ರ ನಮ್ಮ ಮಂದಿ ಕಟ್ಟಿದ ಕಂದಾಯದಾಗೇ ಆ ಕುದರಿ ಹುಲ್ಲು ತಿಂದಾವ. ಇನ್ನ ನೀವು ದವಾಖಾನಿಗಿ ಹೈದರಾಬಾದಕ್ಕ ಹೋದಾಗ ಮಾಸಾಬ್ ಟ್ಯಾಂಕ್ ಹತ್ರ ಎ.ಸಿ. ಗಾರ್ಡ್ಸ್ ಅಂತ ಒಂದು ಮೊಹಲ್ಲಾ ನೋಡೀರಿ. ನಾ ಎಷ್ಟೋ ವರ್ಷ ಅದು ತಂಪು ಮಶಿನ್ನಿನ ಏಸಿ ಅಂತ ತಿಳದಿದ್ದೆ. ಅದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್. ವನಪರ್ತಿ ರಾಜಾನ ಹತ್ರ ಇದ್ದ ಸಿದ್ದಿ ಸವಾರರನ್ನ ನಿಜಾಮಗ ಕೊಟ್ಟಿದ್ದ. ನಿಜಾಮನ ಸವಾರಿ ಹೊರಟಾಗ ಮುಂದ ಹಿಂದ ಅವರೇ. ಸಂಸ್ಥಾನ ಹ್ವಾದ ಮ್ಯಾಲ ನೌಕರಿ ಹ್ವಾತು, ಮಂದಿ ಅಲ್ಲೇ ಉಳದ್ರು. ಹೈದರಾಬಾದಿನ ಮದಿವಿಯೊಳಗ ಮರ್ಫಾ ಬಾರಿಸೋರಾಗ ಅವರ ಮಕ್ಕಳು ಮೊಮ್ಮಕ್ಕಳು ಅದಾರ.

1937ಕ್ಕ ಕುದರಿ ಮ್ಯಾಲೆ ಲಡಾಯಿ ಮಾಡೋ ಕಾಲ ಮುಗೀತಾ ಬಂದಿತ್ತು. ಮಶಿನ್‌ಗನ್, ಟ್ಯಾಂಕು ಬಂದಿದ್ದವು. ಕುದರಿಗಿ ಉಳದ ದೊಡ್ಡ ಕೆಲಸ ಅಂದ್ರ ಚಂದ ಕಾಣೋದು. ಇವತ್ತಿಗೂ ಜನವರಿ 26ಕ್ಕ ಟೀವಿಯೊಳಗ ನೋಡ್ತೀವಲ್ಲ, 61ನೇ ಕ್ಯಾವಲ್ರಿ. ಅದು 1953ರಾಗ ಸಂಸ್ಥಾನಗಳ ಉಳದ ಕುದರಿ ಪಡೆ ಕೂಡಿಸಿ ಮಾಡಿದ್ದು. ಮೈಸೂರು ಲಾನ್ಸರ್ಸ್ ಅದರಾಗ ಸೇರ್ಯಾದ. ರಾಷ್ಟ್ರಪತಿಗಳ ಸುತ್ತ ಇರೋ ಅಂಗರಕ್ಷಕ ಸವಾರರು ಇನ್ನೂ ಹಳೇಬರು, 1773ರಿಂದ ಇದ್ದಾರ. ಸಣ್ಣ ಮುತ್ಯಾ ಅವರ ಪೈಕಿ ಅಲ್ಲ. ಆದ್ರ ಅಂವನ ಕೆಲಸ ಅದೇ ಜಾತಿದು. ಬೆನ್ನು ನೆಟ್ಟಗ ಇಟ್ಟು, ಕುದರಿ ಕಿವಿ ನಡುವ ನೋಡತಾ, ಜಾರದಂಗ ಹೋಗೋದು.

ಇನ್ನ ರುಮಾಲಿನ ಮಾತಿಗಿ ಬರತೀನಿ. ಫೋಟೋದಾಗ ಕುಲ್ಲಾ ಇಲ್ಲ ಅಂತ ಕಂಡಿತು. ಆದ್ರ ಎಷ್ಟು ಸುತ್ತು, ಯಾವ ಕಡಿಯಿಂದ ಸುರು, ತುದಿ ಎಲ್ಲಿ ಸೇರಸ್ಯಾನ, ಅದು ಚಿತ್ರ ನೋಡಿ ತಿಳಿಯೋದಲ್ಲ. ಅತ್ತಿ ಅಂದ್ಳು, "ನನ್ನ ಹಳೇ ಪತ್ತಲ ತೊಗೊ." ಆರು ಗಜದ ನೂಲಿನ ಪತ್ತಲ ಅಂದ್ರ ಐದೂವರಿ ಮೀಟರು. ಉದ್ದಕ್ಕ ಮಡಚಿದ್ರ ರುಮಾಲಿನ ಅರಿವಿ ಆಯ್ತು. ನನ್ನ ಮಗನ್ನ ಕುಂಡ್ರಿಸಿ ಅಂವನ ತೆಲಿ ಮ್ಯಾಲೆ ಸುತ್ತಲಿಕ್ಕ ಹತ್ತಿದ್ಳು. ಎಂಬತ್ತು ದಾಟಿದ ಕೈ, ನಡಗತಾವ, ಆದ್ರೂ ಸುತ್ತುವಾಗ ನಡಗಲಿಲ್ಲ. ಅವರವ್ವ ದಿನಾ ಮುಂಜಾನೆ ತುದಿ ಹಿಡಿದು ನಿಲ್ಲತಿದ್ಳಂತ, ಅಪ್ಪ ತಿರುಗತಿದ್ದನಂತ. ಮುಂದ ಅವ್ವಗ ಸೊಂಟ ನೋವು ಬಂದ ಮ್ಯಾಲ ತುದಿ ಹಿಡಿಯೋ ಪಾಳಿ ಇಕಿದು. ಎಡಗಡಿ ಕಿವಿ ಮ್ಯಾಲಿಂದ ಸುರು, ಹಣಿ ಮ್ಯಾಲೆ ಒಂದರ ಮ್ಯಾಲೊಂದು ಓರಿಯಾಗಿ ಏರತಾ ಹೋಗಿ, ಕಡೀ ತುದಿ ಬೆನ್ನಿಗಿ ಒಂದು ಗೇಣು ಜೋತು ಬಿಡೋದು. ಫೋಟೋ ಪಕ್ಕದಾಗ ಹಿಡಿದು ನೋಡಿದ್ವಿ. ಹಣಿ ಮ್ಯಾಲಿನ ಮಡಿಕಿ ಬರೋಬರಿ ಕೂತವು. ನಾ ಮೊಬೈಲಿನಾಗ ನಾಕೂ ಕಡಿಯಿಂದ ಫೋಟೋ ತೆಗೆದೆ. ಮಗ ಮಾತ್ರ ತೆಲಿ ಭಾರ ಆಯ್ತು ಅಂತ ಒದರಲಿಕ್ಕ ಹತ್ತಿದ.

ಹೆಗಲ ಮ್ಯಾಲೆ ಮಿಂಚೋದು ಏನು ಅಂತ ನನಗ ಗೊತ್ತಿತ್ತು. ಕಬ್ಬಿಣದ ಸಣ್ಣ ಸಣ್ಣ ಉಂಗುರ ಹೆಣದ ಸರಪಳಿ ಪಟ್ಟಿ. ಹಿಂದುಸ್ತಾನದ ಕುದರಿ ಪಡೆಗಳಾಗ ಇದನ್ನ ಹೆಗಲ ಮ್ಯಾಲೆ ಹಾಕೋರು, ಕತ್ತಿ ಏಟು ಬಿದ್ರ ಹೆಗಲು ಕಡಿದು ಹೋಗಬಾರದು ಅಂತ. ಮುಂದ ಕತ್ತಿ ಏಟು ಬರೀ ಹೆಸರಿಗಿ ಉಳೀತು, ಸರಪಳಿ ಅಲಂಕಾರ ಆಯ್ತು. ನನಗ ಬೇಕಾದದ್ದು ಅಳತಿ. ಅದರ ಉದ್ದ ಅಗಲ ತಪ್ಪಿದ್ರ ಹೆಗಲೇ ತಪ್ಪತದ. ಅತ್ತಿಗಿ ಕೇಳಿದೆ, ಆ ಕೋಟು ಏನಾಯ್ತು?

ಅದನ್ನ ಹೇಳೋ ಮುಂಚೆ ಅತ್ತಿ ಬಾಗಲ ಮುಂದ ಮಾಡಂದ್ಳು. ಖಾಲಾ ಇನ್ನಾ ಕುಂತಿದ್ರು. ಅವರು ಏಳಲಿಕ್ಕ ಹೋದ್ರ, "ನೀ ಕುಂಡ್ರು, ನಿನಗ ಗೊತ್ತಿಲ್ಲದ್ದು ಏನದ" ಅಂದ್ಳು.

1948. ಅತ್ತಿಗಿ ಆಗ ಆರು ವರ್ಷ. ಸಣ್ಣ ಮುತ್ಯಾ ಅಷ್ಟರಾಗ ನೌಕರಿ ಬಿಟ್ಟು ಹೊಲ ಮಾಡಲಿಕ್ಕ ಹತ್ತಿ ಐದಾರು ವರ್ಷ ಆಗಿತ್ತು. ಕೋಟು ಮಾತ್ರ ಗೂಟಕ್ಕ ಇತ್ತು, ಮದಿವಿ ದಿಬ್ಬಣಕ್ಕ ಹಾಕ್ಕೊಂಡು ಹೋಗತಿದ್ದ. ಆ ವರ್ಷ ಬ್ಯಾಸಗಿಯೊಳಗ ರಜಾಕಾರರು ಬಸವಕಲ್ಯಾಣ ಕಡಿ ಗೋರ್ಟಾದಾಗ ಏನು ಮಾಡಿದ್ರು ಅಂತ ನಮ್ಮ ಜಿಲ್ಲಾದವರಿಗಿ ಹೇಳೋದು ಬ್ಯಾಡ. ಸೆಪ್ಟೆಂಬರ್ 13ಕ್ಕ ಭಾರತದ ಫೌಜು ಒಳಗ ಬಂತು, 17ಕ್ಕ ನಿಜಾಮ ಸೋತ. ಅದಾದ ಮ್ಯಾಲಿನ ದಿನಗಳು ಮುಸಲ್ಮಾನರ ಮನಿಗಳ ಮ್ಯಾಲೆ ಬಿದ್ದವು. ಪಂಡಿತ ಸುಂದರಲಾಲರ ಸಮಿತಿ ಬಂದು ನೋಡಿ, ಇಡೀ ಸಂಸ್ಥಾನದಾಗ ಕಡಿಮಿ ಅಂದ್ರೂ 27ರಿಂದ 40 ಸಾವಿರ ಜೀವ ಹೋಗ್ಯಾವ, ಎಲ್ಲಕ್ಕೂ ಹೆಚ್ಚು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡದಾಗ ಅಂತ ಬರದಿತ್ತು. ಆ ಕಾಗದ ಎಷ್ಟೋ ವರ್ಷ ಹೊರಗ ಬರಲಿಲ್ಲ. ಎರಡೂ ಕಡಿಯವರು ಯಾರ ಮನ್ಯಾಗ ಏನದ ಅಂತ ನೋಡೋ ಕಾಲದಾಗ ಗೂಟಕ್ಕ ನಿಜಾಮನ ಕೋಟು ಜೋತು ಬಿದ್ದಿತ್ತು.

ಒಂದು ರಾತ್ರಿ ಸಣ್ಣ ಆಯಿ ಕೋಟು ಇಳಿಸಿ ಕತ್ರಿ ಹಾಕಿದ್ಳು. ಅತ್ತಿ ಚಿಮಣಿ ಹಿಡದಿದ್ಳು. ಹೊಲಿಗಿ ಬಿಚ್ಚಿ, ತುಂಡು ತುಂಡು ಮಾಡಿ, ಮುಂಜಾನೆ ಆಗೋದ್ರಾಗ ಕೌದಿಯೊಳಗ ಹಾಕಿದ್ಳು. ಗಂಡಗ ಕೇಳಲಿಲ್ಲ. ಗುಂಡಿ ತೆಗೆದು ಜೋಳದ ಗುಮ್ಮಿಯೊಳಗ ಒಗದ್ಳು. ಸರಪಳಿ ಪಟ್ಟಿ ಏನು ಮಾಡಬೇಕು ತಿಳೀಲಿಲ್ಲ, ಕಬ್ಬಿಣ ಸುಡೋದಿಲ್ಲ. ಅದನ್ನ ಒಲಿ ಹತ್ರ ಬೂದಿ ಗಡಿಗ್ಯಾಗ ಇಟ್ಳು. ಆಮ್ಯಾಲ ವರ್ಷಾನಗಟ್ಲೆ ಅದರಿಂದ ರೊಟ್ಟಿ ಹಂಚು ತಿಕ್ಕಿದ್ಳು. "ಹಂಚು ಎಷ್ಟು ಚೊಕ್ಕ ಆಗತಿತ್ತು ಅಂತೀ" ಅಂತ ಅತ್ತಿ ನಕ್ಕಳು. ತಿಕ್ಕಿ ತಿಕ್ಕಿ ಉಂಗುರ ಬಿಚ್ಚಿ ಅದು ಸವದು ಹ್ವಾತು. ಸಣ್ಣ ಮುತ್ಯಾ ಕೋಟಿನ ಬಗ್ಗಿ ಒಂದು ಮಾತೂ ಕೇಳಲಿಲ್ಲಂತ. ದಿಲ್ಲಿ ಮೂರ್ತಿ ಕಥಿ ಮನ್ಯಾಗ ಸುರು ಆದದ್ದು ಅದರ ಮುಂದೇ ಇರಬೇಕು ಅಂತ ನನಗನಿಸ್ತದ. ನಿಜಾಮನ ಸವಾರ ಅಂತ ಹೇಳಲಿಕ್ಕ ಅಂಜಿಕಿ, ದಿಲ್ಲಿಯೊಳಗ ಮೂರ್ತಿ ಅದ ಅಂದ್ರ ಯಾರೂ ಏನೂ ಅನ್ನೋದಿಲ್ಲ.

ಕೌದಿ ಅದ. ಅತ್ತಿ ಹಾಸಿಗ್ಯಾಗೇ ಅದ, ಮ್ಯಾಲಿನ ಪದರ ಮೂರು ಸಲ ಬದಲಾಗ್ಯಾದ. ಒಂದು ಮೂಲಿ ಹೊಲಿಗಿ ನಾನೇ ಬಿಚ್ಚಿದೆ. ಒಳಗ ದಪ್ಪ ಉಣ್ಣಿ ಅರಿವಿ, ತೊಳೆದೂ ತೊಳೆದೂ ಚಾದ ಬಣ್ಣ ಆಗ್ಯಾದ. ಒಂದು ತುಂಡು ಹೆಗಲಿನದು. ಅದರ ಮ್ಯಾಲೆ ಎರಡು ಓರಿ ಸೂಜಿ ತೂತು ಇನ್ನಾ ಕಾಣತಾವ, ಸರಪಳಿ ಹೊಲದ ಜಾಗ. ಓರಿ ನಡುವ ನಾಕು ಬೆರಳು, ಉದ್ದ ಒಂದು ಗೇಣಿಗಿ ಸ್ವಲ್ಪ ಕಡಿಮಿ. ಟೇಪ ಹಿಡಿದು ಅಳದೆ: ಅಗಲ ಏಳು ಸೆಂಟಿಮೀಟರು, ಉದ್ದ ಹದಿನೈದು. ಹತ್ತರಾಗ ಒಂದು ಅಂದ್ರ ನನ್ನ ಗೊಂಬಿಗಿ ಏಳು ಮಿಲಿಮೀಟರು, ಹದಿನೈದು ಮಿಲಿಮೀಟರು. ಮತ್ತ ಹೊಲದು ಹಂಗೇ ಕೊಟ್ಟೆ.

ಮಾಡೋ ಕೆಲಸದ ಬಗ್ಗಿ ಕೆಲವರು ಕೇಳೀರಿ, ಹೇಳತೀನಿ. ಮಣ್ಣೆತ್ತಿನ ಅಮಾಸಿಗೆ ನಾವು ಕರಿ ಮಣ್ಣಿನಾಗ ಎತ್ತು ಮಾಡತೀವಲ್ಲ, ಅದು ಒಣಗಿದ ಮ್ಯಾಲ ಕುಗ್ಗಿ ಸೀಳತದ. ಎತ್ತಿನ ಕೋಡು ಮುರದ್ರ ನಡೀತದ, ಮನುಷ್ಯಾನ ಮೂಗು ಸೀಳಿದ್ರ ನಡಿಯೋದಿಲ್ಲ. ನಾ ತೊಗೊಂಡದ್ದು ನಳ ಸೋರಿದ್ರ ಹಚ್ಚತೀವಲ್ಲ, ಆ ಎಂ-ಸೀಲ್. ಎರಡು ಬಣ್ಣದ ಉಂಡಿ ಕೂಡಿಸಿ ನಾದಬೇಕು, ಕಣಕ ನಾದಿದಂಗ. ಗಟ್ಟಿ ಆಗೋ ಮುಂಚೆ ಸ್ವಲ್ಪೇ ವ್ಯಾಳೆ ಸಿಗತದ. ಅದಕ್ಕ ಒಂದು ದಿನ ಒಂದೇ ಭಾಗ. ಸೂಜಿಗಿ ನೀರು ಹಚಿಗೋತ ಇರಬೇಕು, ಇಲ್ಲಂದ್ರ ಅಂಟತದ. ಒಳಗ ತಂತಿ, ತಂತಿ ಸುತ್ತ ರೊಟ್ಟಿ ಕಟ್ಟೋ ಬೆಳ್ಳಿ ಕಾಗದದ ಉಂಡಿ. ಮನುಷ್ಯಾನ ತೆಲಿ ಗದ್ದದಿಂದ ನೆತ್ತಿ ತನಕ ಇಪ್ಪತ್ತೆರಡು ಸೆಂಟಿಮೀಟರು ಹಿಡದ್ರ ಗೊಂಬಿದು ಎರಡೂ ಕಾಲು ಸೆಂಟಿಮೀಟರಿಗಿ ಹತ್ರ. ಕಣ್ಣು ಮೂರು ಮಿಲಿಮೀಟರು. ಅಲ್ಲಿ ಕೂದಲೆಳಿಯಷ್ಟು ತಪ್ಪಿದ್ರ ಮುಖ ಬ್ಯಾರೆಯವರದು ಆಗತದ.

ರುಮಾಲ ಖರೇ ಅರಿವಿದೇ ಸುತ್ತೋಣು ಅಂತ ಒಂದು ಸಲ ನೋಡಿದೆ. ಐದೂವರಿ ಮೀಟರಿನ ಹತ್ತರಾಗ ಒಂದು ಅಂದ್ರ ಐವತ್ತೈದು ಸೆಂಟಿಮೀಟರು. ತೆಳುವು ಅರಿವಿ ಪಟ್ಟಿ ಕತ್ತರಿಸಿ ಸುತ್ತಿದ್ರ ಕುಂಬಳಕಾಯಿ ಆಯ್ತು. ಉದ್ದ ಸಣ್ಣದು ಮಾಡಬಹುದು, ಅರಿವಿ ದಪ್ಪ ಸಣ್ಣದು ಮಾಡಲಿಕ್ಕ ಬರೋದಿಲ್ಲ. ಅದಕ್ಕ ಗಟ್ಟಿ ಉಂಡಿ ಇಟ್ಟು ಅದರ ಮ್ಯಾಲೆ ಸೂಜಿಲೇ ಮಡಿಕಿ ಎಳೆದೆ, ಅತ್ತಿ ಸುತ್ತಿದ ಕ್ರಮದಾಗೇ, ಎಡಗಿವಿಯಿಂದ. ಸರಪಳಿಗಿ ಚಾ ಸೋಸೋ ಜಾಳಗಿ ಹಸಿ ಇದ್ದಾಗ ಒತ್ತಿ ತೆಗೆದೆ, ಉಂಗುರ ಉಂಗುರ ಮೂಡಿದವು. ಗುಂಡಿಗಿ ಸಾಸಿವಿ ಕಾಳು, ಅಳತಿ ಬರೋಬರಿ ಆಗತದ. ಬಣ್ಣ ಹಚ್ಚಲಿಲ್ಲ. ದಿಲ್ಲಿ ಕಂಚಿನವರಿಗೂ ಬಣ್ಣ ಇಲ್ಲ, ಫೋಟೋದಾಗೂ ಇಲ್ಲ, ಕೌದಿಯೊಳಗಿನ ತುಂಡು ಚಾದ ಬಣ್ಣ. ಕಣ್ಣಿಗಿ ಚಂದ ಅಂತ ನೀಲಿನೋ ಹಸರೋ ಬಳದ್ರ ಮತ್ತ ಯಾರೋ ಬ್ಯಾರೆಯವರ ಗಂಡ ಆಗತಾನ.

ಶಿವರಾತ್ರಿ ಮುಂದ ಎರಡನೇ ಗೊಂಬಿ ಒಯ್ದು ಕೊಟ್ಟೆ. ಅತ್ತಿ ಏನೂ ಅನ್ನಲಿಲ್ಲ. ಹೆಬ್ಬೆರಳಿಲೇ ರುಮಾಲಿನ ಎಡಗಡಿ ಒಂದು ಸಲ ಸವರಿದ್ಳು, ಅಷ್ಟೇ. ವೈನಿ ದೇವರ ಜಗಲಿ ಮ್ಯಾಲೆ ಇಡೋಣು ಅಂದ್ಳು. ಅಲ್ಲಿ ಮೊದಲೇ ಖಾನಾಪುರದ ಮೈಲಾರ ಮಲ್ಲಣ್ಣನ ಬೆಳ್ಳಿ ತಗಡು ಅದ, ಕುದರಿ ಮ್ಯಾಲೆ ಕುಂತಂವ. "ಅಲ್ಲಿ ಬ್ಯಾಡ" ಅಂದ್ಳು ಅತ್ತಿ, "ಮಲ್ಲಣ್ಣನ ಮುಂದ ಇಂವ ಯಾವ ಸವಾರ? ನನ್ನ ಔಷಧ ಡಬ್ಬಿ ಹತ್ರ ಇಡು." ಅಲ್ಲೇ ಅದ.

ಒಂದು ಕೆಲಸ ಉಳದಾದ, ಅದಕ್ಕೇ ಇದನ್ನ ಬರದದ್ದು. ಎದಿ ಪಟ್ಟಿ ಮ್ಯಾಲಿನ ಬಿಲ್ಲೆ ಫೋಟೋದಾಗ ಬೆಳಕಿಗಿ ಹೊಳದು ಬರೀ ಬಿಳಿ ಆಗ್ಯಾದ. ಅದರ ಮ್ಯಾಲಿನ ಗುರ್ತು ಕಾಣೋದಿಲ್ಲ, ಹಂಗಾಗಿ ನಾ ಅದನ್ನ ಖಾಲಿ ಬಿಟ್ಟೀನಿ. ಗುಂಡಿ ಮ್ಯಾಲೆ ಅದೇ ಗುರ್ತು ಇತ್ತು ಅಂತ ಅತ್ತಿ ಹೇಳತಾಳ. ಗುಮ್ಮಿಯೊಳಗ ಒಗದ ಏಳು ಗುಂಡಿ ಮುಂದ ಸಿಕ್ಕಾಗ ಸಣ್ಣ ಆಯಿ ಹೆಣ್ಣುಮಕ್ಕಳಿಗಿ ಆಡಲಿಕ್ಕ ಹಂಚಿದ್ಳಂತ. ಒಂದು ಉದಗೀರಕ್ಕ ಹೋಗ್ಯಾದ, ಒಂದು ಔರಾದಕ್ಕ, ಉಳದದ್ದು ಡಾಬಕಾದಾಗೇ ಯಾರ್ಯಾರ ಮನ್ಯಾಗೋ. ಹಿತ್ತಾಳಿದು, ಎರಡು ಸೆಂಟಿಮೀಟರು ಅಗಲ, ಹಿಂದ ಒಂದು ಕೊಂಡಿ. ನಿಮ್ಮ ಅವ್ವನ, ಆಯಿನ ಗುಂಡಿ ಡಬ್ಬಿಯೊಳಗ ಒಂದು ಸಲ ಕೈ ಹಾಕಿ ನೋಡ್ರಿ. ಸಿಕ್ರ ಹುಣಸಿ ಹಣ್ಣು ಹಾಕಿ ತಿಕ್ಕಬ್ಯಾಡ್ರಿ, ಗುರ್ತು ಸವದು ಹೋಗತದ. ಹಂಗೇ ಒಂದು ಫೋಟೋ ತೆಗೆದು ಕಳಸ್ರಿ.